ಪೈಪಿಗೆ ಬಿದ್ದ ಕರಿಗಿವಿಯ ಗೆಜ್ಜೆ

ಒಂದು ಸಕ್ಕರೆ ಕಾರ್ಖಾನೆ. ಕಾರ್ಖಾನೆಯ ಹಿಂದೆ ಒಂದು ಬಯಲು. ಬಯಲಲ್ಲಿ ಒಂದು ಮೇಕೆ. ಮೇಕೆಗೊಂದು ಮರಿ. ಮರಿಯ ಹೆಸರು ಕರಿಗಿವಿ. ಕರಿಗಿವಿಯ ಕೊರಳಲ್ಲಿ ಹಿತ್ತಾಳೆ ಗೆಜ್ಜೆ. ಘಲ್ ಘಲ್!

ಬಯಲಲ್ಲಿ ಒಂದು ಉದ್ದನೆಯ ಪೈಪು. ಪೈಪಿನ ತುಂಬ ಕಾಕಂಬಿ, ಸಕ್ಕರೆ ತೆಗೆದು ಉಳಿದ ಕಪ್ಪು ಪಾಕ. ಬೆಲ್ಲದಂತೆ ಸಿಹಿ, ಗೋಂದಿನಂತೆ ಅಂಟು. ಕರಿಗಿವಿ ತಲೆ ತೂರಿಸಿತು. ನೆಕ್ಕಿತು. ಗೆಜ್ಜೆಯ ದಾರ ಕಿತ್ತುಹೋಯಿತು. ಗೆಜ್ಜೆ ಒಳಗೆ ಜಾರಿತು. ಅಲ್ಲೇ ಅಂಟಿಕೊಂಡಿತು.

ಕರಿಗಿವಿ ಅಮ್ಮನ ಹತ್ತಿರ ಓಡಿತು.

"ಅಮ್ಮಾ, ಹಾಲು."

ಅಮ್ಮನಿಗೆ ಕಣ್ಣು ಮಂಜು. ಅಮ್ಮ ಮೂಸಿ ನೋಡಿದಳು.

"ಯಾರು ನೀನು? ಮೈಯೆಲ್ಲ ಕಾಕಂಬಿ ವಾಸನೆ! ನನ್ನ ಮರಿ ಘಲ್ ಅನ್ನುತ್ತದೆ. ಗೆಜ್ಜೆ ಇಲ್ಲ, ಹಾಲಿಲ್ಲ."

ಕರಿಗಿವಿ ಪೈಪಿನ ಹತ್ತಿರ ಹೋಯಿತು.

"ಪೈಪಣ್ಣ, ಗೆಜ್ಜೆ ಕೊಡು. ನೀನು ಗೆಜ್ಜೆ ಕೊಟ್ಟರೆ ಅಮ್ಮ ಹಾಲು ಕೊಡುತ್ತಾಳೆ. ಗೆಜ್ಜೆ ತಾನಾಗಿ ಬಿತ್ತು."

"ತಾನಾಗಿಯಾ? ನನಗೇಕೋ ಅನುಮಾನ. ನನ್ನನ್ನು ತೊಳೆಯುವ ಗನ್ನು ನೀರು ಚಿಮ್ಮಿಸಲಿ, ಆಮೇಲೆ ನೋಡೋಣ."

ಕರಿಗಿವಿ ನೀರಿನ ಗನ್ನಿನ ಹತ್ತಿರ ಹೋಯಿತು.

"ಗನ್ನಣ್ಣ, ನೀರು ಚಿಮ್ಮಿಸು. ನೀನು ಚಿಮ್ಮಿಸಿದರೆ ಪೈಪು ಗೆಜ್ಜೆ ಕೊಡುತ್ತದೆ. ಪೈಪು ಗೆಜ್ಜೆ ಕೊಟ್ಟರೆ ಅಮ್ಮ ಹಾಲು ಕೊಡುತ್ತಾಳೆ. ಗೆಜ್ಜೆ ತಾನಾಗಿ ಬಿತ್ತು."

"ತಾನಾಗಿಯಾ? ನನಗೇಕೋ ಅನುಮಾನ. ಪಂಪು ನೀರು ನೂಕಲಿ, ಆಮೇಲೆ ನೋಡೋಣ."

ಕರಿಗಿವಿ ಪಂಪಿನ ಹತ್ತಿರ ಹೋಯಿತು.

"ಪಂಪಣ್ಣ, ನೀರು ನೂಕು. ನೀನು ನೂಕಿದರೆ ಗನ್ನು ಚಿಮ್ಮಿಸುತ್ತದೆ. ಗನ್ನು ಚಿಮ್ಮಿಸಿದರೆ ಪೈಪು ಗೆಜ್ಜೆ ಕೊಡುತ್ತದೆ. ಪೈಪು ಗೆಜ್ಜೆ ಕೊಟ್ಟರೆ ಅಮ್ಮ ಹಾಲು ಕೊಡುತ್ತಾಳೆ. ಗೆಜ್ಜೆ ತಾನಾಗಿ ಬಿತ್ತು."

"ತಾನಾಗಿಯಾ? ನನಗೇಕೋ ಅನುಮಾನ. ದ್ಯಾಮವ್ವ ಗುಂಡಿ ಒತ್ತಲಿ, ಆಮೇಲೆ ನೋಡೋಣ."

ದ್ಯಾಮವ್ವ ಪೈಪು ತೊಳೆಯುವವರು. ಕಾಲಿಗೆ ದೊಡ್ಡ ಬೂಟು. ಕರಿಗಿವಿ ಅವರ ಹತ್ತಿರ ಹೋಯಿತು.

"ಅವ್ವಾ, ಗುಂಡಿ ಒತ್ತು. ನೀನು ಒತ್ತಿದರೆ ಪಂಪು ನೂಕುತ್ತದೆ. ಪಂಪು ನೂಕಿದರೆ ಗನ್ನು ಚಿಮ್ಮಿಸುತ್ತದೆ. ಗನ್ನು ಚಿಮ್ಮಿಸಿದರೆ ಪೈಪು ಗೆಜ್ಜೆ ಕೊಡುತ್ತದೆ. ಪೈಪು ಗೆಜ್ಜೆ ಕೊಟ್ಟರೆ ಅಮ್ಮ ಹಾಲು ಕೊಡುತ್ತಾಳೆ. ಗೆಜ್ಜೆ ತಾನಾಗಿ ಬಿತ್ತು."

ದ್ಯಾಮವ್ವ ಗುಂಡಿ ಒತ್ತಲಿಲ್ಲ. ಕೈಕಟ್ಟಿ ನಿಂತರು.

"ತಾನಾಗಿ ಹೋಗೋಕೆ ಗೆಜ್ಜೆಗೆ ಕಾಲಿದೆಯೇನೋ? ಯಾವ ತುದಿಯಿಂದ ಹೋಯಿತು? ಹೇಗೆ ಹೋಯಿತು? ಅದು ತಿಳಿಯದೆ ನಾನು ನೀರು ಬಿಡೋದಿಲ್ಲ. ಗೆಜ್ಜೆ ಗುಂಡಿನಂತೆ ಹಾರುತ್ತದೆ. ಯಾರ ತಲೆಗೆ ಬಡಿಯುತ್ತದೋ!"

ಕರಿಗಿವಿ ನೆಲ ನೋಡಿತು.

"ನಾನು ಕಾಕಂಬಿ ನೆಕ್ಕಿದೆ, ಅವ್ವಾ. ಈ ತುದಿಯಲ್ಲಿ ತಲೆ ತೂರಿಸಿದೆ. ದಾರ ಕಿತ್ತುಹೋಯಿತು."

"ಹಾಗನ್ನು ಮತ್ತೆ! ಈ ತುದಿಯಿಂದ ನೀರು ಬಿಡೋಣ, ಆ ತುದಿಗೆ ಗೋಣಿಚೀಲ ಕಟ್ಟೋಣ. ಗಟ್ಟಿ ಕೊಳೆಗೆ ನೀರಿನಲ್ಲಿ ಮರಳು ಬೆರೆಸುತ್ತೇವೆ, ಇವತ್ತು ಅದು ಬೇಡ. ಮರಳು ಬೆರೆತ ನೀರು ಹಿತ್ತಾಳೆಯನ್ನೂ ಕೊಯ್ಯುತ್ತದೆ. ಬರೀ ನೀರು ತೊಳೆಯುತ್ತದೆ."

ದ್ಯಾಮವ್ವ ಚೀಲ ಕಟ್ಟಿದರು. ಸೀಟಿ ಊದಿದರು. ಪೀ! "ಎಲ್ಲರೂ ದೂರ!"

ದ್ಯಾಮವ್ವ ಗುಂಡಿ ಒತ್ತಿದರು. ಪಂಪು ನೀರು ನೂಕಿತು. ಗನ್ನು ನೀರು ಚಿಮ್ಮಿಸಿತು. ಸುಯ್ಯ್! ಪೈಪು ಗೊರಗೊರ ಕೆಮ್ಮಿತು. ಗೆಜ್ಜೆ ಕೊಟ್ಟಿತು. ಚೀಲದೊಳಗೆ ಘಲ್!

ದ್ಯಾಮವ್ವ ಹೊಸ ದಾರ ಕಟ್ಟಿದರು. ಕರಿಗಿವಿ ಓಡಿತು.

ಅಮ್ಮ ಕಿವಿ ನಿಮಿರಿಸಿದಳು.

"ಎಲ್ಲಿ, ಇನ್ನೊಮ್ಮೆ?"

ಘಲ್.

"ಮತ್ತೊಮ್ಮೆ?"

ಘಲ್ ಘಲ್.

"ಬಾರೋ, ನನ್ನ ಕರಿಗಿವಿ!"

ಅಮ್ಮ ಹಾಲು ಕೊಟ್ಟಳು. ಕರಿಗಿವಿ ಕುಡಿಯಿತು. ಚಪ್ ಚಪ್, ಘಲ್ ಘಲ್. ಚಪ್ ಚಪ್, ಘಲ್ ಘಲ್.