ಕೊಟ್ರೇಶಿಯ ಕಾರ್ಡಿನ ಬೆಲೆ

ಹಾಲಮ್ಮನಿಗೆ ಒಬ್ಬನೇ ಮಗ, ಕೊಟ್ರೇಶಿ. ಹೇಳಿದ್ದನ್ನು ಮಾಡುವವನು. ಹೇಳಿದ್ದನ್ನಷ್ಟೇ ಮಾಡುವವನು. ಅದೇ ಕಷ್ಟ.

ಅಂತೂ ಇಂತೂ ಅವನಿಗೊಂದು ಹೆಣ್ಣು ಗೊತ್ತಾಯಿತು, ನಾಗವೇಣಿ ಅಂತ. ಹೆಣ್ಣಿನ ಅಪ್ಪ ಒಂದೇ ಮಾತು ಹೇಳಿದರು: "ಜನ ಇರೋ ಮನಿಗೆ ಮಗಳನ್ನ ಕೊಡೋನು ನಾನು. ಛತ್ರದಾಗ ನಿಮ್ಮ ಕಡೆಯವರು ತುಂಬಿರಬೇಕು. ಇಲ್ಲಂದ್ರ ತಾಳಿ ಇಲ್ಲ."

ಮದುವೆ ಕಾರ್ಡು ಅಚ್ಚಾಗಿ ಬಂತು. ಹಾಲಮ್ಮ ಮಗನಿಗೆ ಹೇಳಿದಳು, "ಕಾರ್ಡು ಅಂದಮೇಲೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು. ಹಚ್ಚದೆ ಯಾರ ಕೈಗೂ ಕೊಡಬ್ಯಾಡ."

"ಆತು ಬಿಡವ್ವ."

ಕೊಟ್ರೇಶಿ ಚಿಕ್ಕವನಿದ್ದಾಗ ಚೂಯಿಂಗ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ. ಮಾರಿದರೆ ಮದುವೆ ಊಟದ ಖರ್ಚಾದರೂ ಹುಟ್ಟೀತು ಅಂತ, ಹಳೇ ನಾಣ್ಯ ಹಳೇ ಕಾರ್ಡು ಕೊಳ್ಳುವ ಮಹಬೂಬ್ ಸಾಹೇಬರ ಅಂಗಡಿಗೆ ಹಾಲಮ್ಮ ಅವನನ್ನು ಕಳಿಸಿದಳು.

ಸಾಹೇಬರು ಭೂತಗನ್ನಡಿ ಹಿಡಿದರು. "ಈ ಬೌಲರ್ ಎಡಗೈಯವನು. ಫೋಟೋ ತಿರುವಿ ಅಚ್ಚು ಹಾಕಿ ಬಲಗೈ ಮಾಡಿಬಿಟ್ಟಾರ. ಇಂಥದ್ದು ಸಿಗೋದೇ ಕಷ್ಟ. ಅಲ್ಲಪ್ಪ, ಮೂಲೆಯಾಗ ಏನಿದು ಹಳದಿ?"

"ಅರಿಶಿನ, ಸಾಹೇಬ್ರ. ಎಲ್ಲಾದಕ್ಕೂ ಹಚ್ಚೀನಿ."

ಸಾಹೇಬರು ಭೂತಗನ್ನಡಿ ಕೆಳಗಿಟ್ಟರು. "ಮೂಲೆ ಕೆಟ್ಟರೆ ಅರ್ಧ ಬೆಲೆ ಹೋತು. ಕಾರ್ಡನ್ನ ಪ್ಲಾಸ್ಟಿಕ್ ಕವರಿನಾಗ ಇಡಬೇಕು. ಅಂಚು ಹಿಡೀಬೇಕು. ಕಂಡವರ ಕೈಗೆ ಕೊಡಬಾರದು."

"ಇನ್ನಾದ್ರೂ ಅವರು ಹೇಳ್ದಂಗ ಮಾಡೋ," ಅಂತ ಹಾಲಮ್ಮ ಡಬ್ಬಿ ಹೊತ್ತು ಮನೆಗೆ ವಾಪಸು ಬಂದ ಮಗನನ್ನು ಬೈದಳು.

ಮರುದಿನ ಸೋದರಮಾವನನ್ನು ಮದುವೆಗೆ ಕರೆಯಲು ಹೋದ. ಮದುವೆ ಕಾರ್ಡನ್ನು ಕವರಿಗೆ ಹಾಕಿ, ಅಂಚು ಹಿಡಿದು, ಮುಂದೆ ತೋರಿಸಿದ, ಹಿಂದೆ ತೋರಿಸಿದ. ಮಾವ ಕೈ ಚಾಚಿದ.

"ಮುಟ್ಟಬ್ಯಾಡ ಮಾವ, ಬೆಲೆ ಹೋಗ್ತತಿ," ಅಂದವನೇ ಕಾರ್ಡನ್ನು ವಾಪಸು ತಂದ.

ಹಾಲಮ್ಮ ಹಣೆ ಚಚ್ಚಿಕೊಂಡಳು. "ಕಾರ್ಡು ಇರೋದೇ ಕೊಡಾಕ. ಕೈಗಿಟ್ಟು, ಕೈ ಮುಗಿದು, ಕುಟುಂಬ ಸಮೇತ ಬರ್ರಿ ಅನ್ನು. ಅವರು ಏನು ಕೊಟ್ಟರೂ ತಗೋಬ್ಯಾಡ."

"ಆತು ಬಿಡವ್ವ."

ಸೀದಾ ಹೋಗಿ ಬಿಸ್ಕತ್ತಿನ ಡಬ್ಬಿಯನ್ನೇ ಸಾಹೇಬರ ಕೈಗಿಟ್ಟ, ಕೈ ಮುಗಿದ, ಕುಟುಂಬ ಸಮೇತ ಬರ್ರಿ ಅಂದ. ಅವರು ದುಡ್ಡು ಕೊಡಲು ಬಂದರೆ ಓಡಿಬಿಟ್ಟ.

ಪಾಪ, ಸಾಹೇಬರೇ ದುಡ್ಡು ಹಿಡಿದು ಮನೆಗೆ ಬಂದರು. "ಕೊಟ್ರೇಶಿ, ತಿಳ್ಕೋ. ರಾಶಿ ಇದ್ದರೆ ಕಸ, ಒಂದೇ ಉಳಿದರೆ ಬಂಗಾರ. ಕಾರ್ಡಿನ ಬೆಲೆ ಅಂದ್ರ ಇಷ್ಟೇ."

"ಇವನಿಗೆ ಬುದ್ಧಿ ಹೇಳಿದ ನಾನೇ ಪೆದ್ದಿ, ಸಾಹೇಬ್ರ," ಅಂದಳು ಹಾಲಮ್ಮ. "ಮಗ ಯಾರನ್ನ ಹೋಲ್ತಾನ ಅಂತ ಕೇಳಿದವರಿಗೆ, ಅವರಪ್ಪನ್ನ ಅಂತ ಸುಳ್ಳು ಹೇಳ್ತೀನಿ." ಆಮೇಲೆ ಮದುವೆ ಕಾರ್ಡಿನ ಚೀಲವನ್ನು ಮಗನ ಹೆಗಲಿಗೆ ಹಾಕಿದಳು. "ಕಾರ್ಡಿನ ಬೆಲೆ ಈಗ ತಿಳೀತಲ್ಲ. ಹೋಗು, ಮುಗಿಸಿ ಬಾ."

ಸಂಜೆಗೆ ಖಾಲಿ ಚೀಲ ತಂದ. ಹಾಲಮ್ಮ ಪ್ರೀತಿಯಿಂದ ನೆಟಿಗೆ ಮುರಿದಳು.

ಮದುವೆ ದಿನ ಹೆಣ್ಣಿನ ಕಡೆ ನಿಲ್ಲಲು ಜಾಗವಿಲ್ಲ. ಗಂಡಿನ ಕಡೆ ಹಾಲಮ್ಮ, ಸಾಹೇಬರ ಕುಟುಂಬ, ಉಳಿದದ್ದೆಲ್ಲ ಖಾಲಿ ಕುರ್ಚಿ.

"ಎಲ್ಲವ್ವ ನಿಮ್ಮ ಜನ?" ಬೀಗರು ಕೇಳಿದರು.

ಕೊಟ್ರೇಶಿ ಹಸೆಮಣೆಯ ಮೇಲಿಂದಲೇ ಜೇಬಿಗೆ ಕೈಹಾಕಿ ಒಂದು ಮದುವೆ ಕಾರ್ಡು ತೆಗೆದ. "ಉಳಿದವನ್ನೆಲ್ಲ ಸುಟ್ಟೀನಿ ಮಾವ. ಜಗತ್ತಿಗೆ ಇದೊಂದೇ. ಬೆಲೆ ನೀವೇ ಹೇಳ್ರಿ."

ಬೀಗರು ಹಾಲಮ್ಮನ ಕಡೆ ತಿರುಗಿದರು. "ಮಗ ಹಿಂಗ ಅಂತ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದನ್ನ ಹಂಗೇ ಮಾಡಿಬಿಡ್ತಾನ ಅಂತ ಹೇಳಿದ್ರೆ ಹೆಣ್ಣು ಕೊಡ್ತಿದ್ರಾ?"

ಬೀಗರು ಮಗಳ ಕೈ ಹಿಡಿದು ಎಬ್ಬಿಸಹೋದರು. ನಾಗವೇಣಿ ಏಳಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. "ಇರಲಿ ಬಿಡಪ್ಪ. ಹೇಳಿದ್ದನ್ನ ಕೇಳೋ ಗಂಡ ಬೇರೆ ಎಲ್ಲಿ ಸಿಕ್ಕಾನು?"

ವಾಲಗ ಶುರುವಾಯಿತು. ಕೊಟ್ರೇಶಿ ತಾಳಿ ಕೈಗೆತ್ತಿಕೊಂಡು ಅವಳ ಕಿವಿಯ ಹತ್ತಿರ ಬಗ್ಗಿದ.

"ನಿಮ್ಮಪ್ಪ ಬೆಲೆ ಹೇಳಲೇ ಇಲ್ಲ."