ಕೋಳಿಗಳು ತಿನ್ನದ ಬೆಳಗು

ನದಿ ಕಡಲಿಗೆ ಸೇರುವ ಕಡೆ ಪರ್ಣದತ್ತರ ಆಶ್ರಮವಿತ್ತು. ಅವರು ಹಿಂದೆ ಬಂದರಿನಲ್ಲಿ ದುಭಾಷಿಯಾಗಿದ್ದವರು. ಯವನರ ಭಾಷೆಯೂ ರೋಮಕರ ಭಾಷೆಯೂ ಅವರಿಗೆ ನೀರು ಕುಡಿದಷ್ಟು ಸಲೀಸು.

ಕೇತ ಅವರ ಶಿಷ್ಯ. ಬುದ್ಧಿವಂತ, ಆದರೆ ಮೈಯೆಲ್ಲ ಅನುಮಾನ. ಯಾರಾದರೂ ನಕ್ಕರೆ ತನ್ನನ್ನೇ ನೋಡಿ ನಕ್ಕರು ಎಂದುಕೊಳ್ಳುವವನು. ನಗದಿದ್ದರೆ ಒಳಗೊಳಗೇ ಏನೋ ಇದೆ ಎನ್ನುವವನು.

ಒಂದು ದಿನ ಪಾಠ ಶಕುನದ ಮಾತುಗಳಿಗೆ ಬಂತು.

“ಹಾರುವ ಹಕ್ಕಿಯಲ್ಲಿ ಕಾಣುವ ಶಕುನವನ್ನು ಯವನರು ಓಯೋನೋಸ್ ಅನ್ನುತ್ತಾರೆ,” ಎಂದರು ಗುರುಗಳು. “ದಾರಿಯಲ್ಲಿ ಯಾರದೋ ಬಾಯಿಂದ ಬಿದ್ದ ಮಾತು ನಮಗೇ ಹೇಳಿದಂತೆ ಕೇಳಿಸಿದರೆ ಅದು ಕ್ಲೇದೋನ್. ಎದೆ ನಡುಗಿಸುವಂಥ ವಿಚಿತ್ರ ಕಂಡರೆ ತೇರಸ್.”

“ರೋಮಕರು?”

“ಹಕ್ಕಿಗಳನ್ನು ನೋಡಿ ತಿಳಿಯುವುದು ಔಸ್ಪಿಕಿಯುಂ. ಎಚ್ಚರಿಸಲು ಬಂದ ವಿಕಾರ ಮೋನ್ಸ್ತ್ರುಂ. ಮುಂದೆ ಬರುವುದನ್ನು ಸೂಚಿಸುವುದು ಪೋರ್ತೆಂತುಂ. ಇನ್ನೂ ಇವೆ.”

“ಇಷ್ಟೊಂದು ಮಾತು ಯಾಕೆ ಬೇಕು ಗುರುಗಳೇ?”

“ಅನುಮಾನ ಇರುವವನಿಗೆ ಒಂದು ಮಾತು ಸಾಲುತ್ತದೆಯೇ?”

ಇದನ್ನು ತನಗೇ ಚುಚ್ಚಿ ಹೇಳಿದರೇ ಎಂದು ಕೇತನಿಗೆ ಅನುಮಾನವಾಯಿತು.

ಗುರುಗಳು ಮುಂದುವರಿಸಿದರು. “ರೋಮಕರು ಇನ್ನೊಂದು ಭೇದ ಮಾಡುತ್ತಾರೆ. ನಾವು ಕೇಳಿ ಪಡೆದ ಶಕುನ ಬೇರೆ, ಕೇಳದೆ ಬಂದ ಶಕುನ ಬೇರೆ. ಕೇಳದೆ ಬಂದದ್ದನ್ನು ‘ಒಪ್ಪಿದೆ’ ಎಂದು ಬಾಯಿಬಿಟ್ಟು ಹೇಳಿದರೆ ಅದು ನಮ್ಮದಾಗುತ್ತದೆ. ಒಲ್ಲೆ ಎಂದರೆ ಬಿಟ್ಟುಹೋಗುತ್ತದೆ.”

“ಎರಡರಲ್ಲಿ ಯಾವುದನ್ನು ನಂಬಬೇಕು?”

ಗುರುಗಳು ಎದ್ದು ಸ್ನಾನಕ್ಕೆ ಹೋದರು.

ಅದೇ ವಾರ ರೋಮಕರ ಹಡಗೊಂದು ಬಂದು ಮೆಣಸು ತುಂಬಿಕೊಂಡಿತು. ಅದರ ಒಡೆಯ ವಿಬಿಯುಸ್, ಒಂದು ಕಾಲಕ್ಕೆ ಸೈನ್ಯದಲ್ಲಿದ್ದವನು. ಸೈನ್ಯ ಬಿಟ್ಟರೂ ಅಲ್ಲಿಯ ಒಂದು ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ. ಕೋಳಿಗಳನ್ನು ಕೇಳದೆ ಅವನು ಲಂಗರು ಎತ್ತುತ್ತಿರಲಿಲ್ಲ. ಮುಂದೆ ಚೆಲ್ಲಿದ ಕಾಳನ್ನು ಅವು ಕೊಕ್ಕಿನಿಂದ ಉದುರುವಷ್ಟು ಆತುರದಿಂದ ತಿಂದರೆ ಹೊರಡಬಹುದು. ಮುಖ ತಿರುಗಿಸಿದರೆ ನಿಲ್ಲಬೇಕು.

ಆ ಹಡಗಿನಲ್ಲಿ ಕೇತನೂ ದುಭಾಷಿಯಾಗಿ ಹೋಗುವುದೆಂದು ಮಾತಾಗಿತ್ತು. ರೋಮಕರ ನಗರವನ್ನು ಕಣ್ಣಾರೆ ನೋಡಬೇಕೆಂಬುದು ಅವನ ಬಹುಕಾಲದ ಆಸೆ.

ಹಡಗಿನ ತೇವ ಕೋಳಿಗಳಿಗೆ ಒಗ್ಗದೆಂದು ಅವುಗಳ ಗೂಡನ್ನು ಆಶ್ರಮದ ಹೊಂಗೆಮರದ ಕೆಳಗೆ ತಂದಿಟ್ಟರು. ಜೊತೆಗೆ ತ್ರಿಫೋನ್ ಬಂದ. ವಿಬಿಯುಸ್ ಸಂತೆಯಲ್ಲಿ ಕೊಂಡುತಂದ ಯವನ ಆಳು ಅವನು, ಕೋಳಿಗಳನ್ನು ನೋಡಿಕೊಳ್ಳುವವನು. ಬಡಕಲು ಮೈ, ನೆಲ ನೋಡುವ ಕಣ್ಣು.

ಕೇತನಿಗೆ ಅವನನ್ನು ಕಂಡ ಗಳಿಗೆಯಿಂದ ಆಗಲಿಲ್ಲ.

“ಗುರುಗಳೇ, ಆತ ಗೂಡಿಗೆ ಬಟ್ಟೆ ಮುಚ್ಚಿಟ್ಟಿದ್ದಾನೆ. ಕಾಳಿನ ಚೀಲವನ್ನು ತಲೆದಿಂಬು ಮಾಡಿಕೊಂಡಿದ್ದಾನೆ. ಕೋಳಿಗಳು ಹಸಿದು ಅರಚುತ್ತಿವೆ.”

“ಅದಕ್ಕೆ?”

“ಕಾಳು ಕದ್ದು ಮಾರುತ್ತಾನೆ. ಇನ್ನೇನಿರುತ್ತದೆ?”

“ಮಾರಿದ್ದನ್ನು ನೋಡಿದೆಯಾ?”

“ನೋಡಬೇಕೇ? ಮುಖದಲ್ಲೇ ಬರೆದಿದೆ.”

“ಅವನನ್ನು ಕೇಳಿದೆಯಾ?”

“ಕಳ್ಳನನ್ನು ಕೇಳಿದರೆ ಹೇಳುತ್ತಾನೆಯೇ?”

“ಅವನ ಮುಖದಲ್ಲಿ ನೀನು ಕಂಡದ್ದು ಯಾವ ಬಗೆಯದು ಕೇತ? ಕೇಳಿ ಪಡೆದದ್ದೋ, ತಾನಾಗಿ ಬಂದದ್ದೋ?”

ಗುರುಗಳೂ ಆ ಯವನನ ಕಡೆಯೇ ಎಂದು ಕೇತ ಮನಸ್ಸಿನಲ್ಲಿ ಅಂದುಕೊಂಡ.

ಬೆಳಗಾಗುತ್ತಲೇ ಹಕ್ಕಿಗಳಿಗೆ ನವಣೆ ಚೆಲ್ಲುವುದು ಆಶ್ರಮದ ಪದ್ಧತಿ. ಆಮೇಲಷ್ಟೇ ಮನುಷ್ಯರ ಒಲೆ ಹೊತ್ತುವುದು. ಆ ಕೆಲಸ ಕೇತನದು. ಮರುದಿನ ನವಣೆ ಹಿಡಿದು ಹೊರಗೆ ಬಂದಾಗ ತ್ರಿಫೋನ್ ಮುಖ ತೊಳೆಯಲು ನದಿಗೆ ಹೋಗಿದ್ದ. ಕೇತ ಗೂಡಿನ ಬಟ್ಟೆ ಎತ್ತಿ ಒಂದು ಹಿಡಿ ನವಣೆ ಹಾಕಿದ. ಕೋಳಿಗಳು ಮೇಲೆ ಬಿದ್ದು ತಿಂದವು. ಅವನು ಇನ್ನಷ್ಟು ಹಾಕಿದ, ಸಾಕಾಗುವವರೆಗೂ ಹಾಕಿ ಬಟ್ಟೆ ಮುಚ್ಚಿದ. ಒಳ್ಳೆಯ ಕೆಲಸ ಮಾಡಿದೆ ಎಂದು ಅವನ ಎದೆ ಉಬ್ಬಿತು.

ಬಿಸಿಲೇರುವ ಹೊತ್ತಿಗೆ ವಿಬಿಯುಸ್ ನಾವಿಕರೊಂದಿಗೆ ಬಂದ. ಗಾಳಿ ಹದವಾಗಿತ್ತು. ಅವನು ಮೌನವಾಗಿ ನಿಂತು ಕಾಳು ಚೆಲ್ಲಿಸಿದ.

ಒಂದು ಕೋಳಿ ಕಾಳನ್ನು ತುಳಿದುಕೊಂಡು ಹೋಯಿತು. ಇನ್ನೊಂದು ರೆಕ್ಕೆ ಕೆದರಿ ಕೂತಿತು. ಮೂರನೆಯದು ಕಣ್ಣು ಮುಚ್ಚಿತು.

ನಾವಿಕರು ಹಿಂದೆ ಸರಿದರು. ವಿಬಿಯುಸನ ಮುಖ ಕಪ್ಪಿಟ್ಟಿತು.

“ರೋಗವಿಲ್ಲದ ಕೋಳಿಗಳು. ಗೂಡಿನ ಹತ್ತಿರ ಇದ್ದವನು ಇವನೊಬ್ಬನೇ,” ಎಂದು ತ್ರಿಫೋನನ ಕಡೆ ಕೈಮಾಡಿದ. “ಶಕುನ ಕೆಡಿಸಿದವನನ್ನು ಹಡಗಿನಲ್ಲಿ ಇಟ್ಟುಕೊಳ್ಳುವವರಿಲ್ಲ. ಕೈಕಾಲು ಕಟ್ಟಿ ಕಡಲಿಗೆ ಹಾಕಿ. ಆಮೇಲೆ ಮತ್ತೆ ಕೇಳೋಣ.”

ನಾವಿಕರು ಹಗ್ಗ ತಂದರು.

ಕೇತ ಗುರುಗಳ ಕಿವಿಯಲ್ಲಿ ಪಿಸುಗುಟ್ಟಿದ. “ನೋಡಿದಿರಾ? ನಾನು ಹೇಳಿರಲಿಲ್ಲವೇ? ಕೋಳಿಗಳಿಗೂ ಗೊತ್ತಾಯಿತು.”

“ಕೋಳಿಗಳು ಯಾಕೆ ತಿನ್ನಲಿಲ್ಲ?”

“ಅಪಶಕುನ ಗುರುಗಳೇ. ಮೋನ್ಸ್ತ್ರುಂ.”

“ಬೇರೆ ಮಾತು?”

“ತೇರಸ್. ಪೋರ್ತೆಂತುಂ.”

ಗುರುಗಳು ಬಗ್ಗಿ ಒಂದು ಕೋಳಿಯನ್ನು ಎತ್ತಿಕೊಂಡರು. ಕೇತನ ಕೈ ಹಿಡಿದು ಅದರ ಕೊರಳ ಬುಡಕ್ಕೆ ಇಟ್ಟರು. ಅಲ್ಲಿ ಕಾಳು ತುಂಬಿ ಗಟ್ಟಿಯಾಗಿ ಉಬ್ಬಿತ್ತು.

“ಈಗ ಕನ್ನಡದಲ್ಲಿ ಹೇಳು.”

ಕೇತ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡ.

“ಹೊಟ್ಟೆ ತುಂಬಿದೆ,” ಎಂದ.

ಗುರುಗಳು ಕೋಳಿಯನ್ನು ನೆಲಕ್ಕೆ ಬಿಟ್ಟರು. ನಾವಿಕರು ತ್ರಿಫೋನನ ಕಾಲಿಗೆ ಗಂಟು ಹಾಕುತ್ತಿದ್ದರು. ಕೇತ ಹಡಗನ್ನು ನೋಡಿದ, ಹಗ್ಗವನ್ನು ನೋಡಿದ. ಬಾಯಿಬಿಟ್ಟರೆ ಆ ಹಗ್ಗ ತನ್ನ ಕಾಲಿಗೇ ಬರಬಹುದು. ಅವನಿಗೆ ಜೀವ ಹೋದಷ್ಟು ಭಯವಾಯಿತು. ಗುರುಗಳು ಏನಾದರೂ ಹೇಳಿಯಾರು ಎಂದು ಕಾದ. ಅವರು ಹೇಳಲಿಲ್ಲ.

“ನಿಲ್ಲಿಸಿ!” ಎಂದು ಕೇತ ರೋಮಕರ ಭಾಷೆಯಲ್ಲಿ ಕೂಗಿದ. “ಬೆಳಿಗ್ಗೆ ನಾನು ಅವಕ್ಕೆ ಕಾಳು ಹಾಕಿದೆ. ಇವನು ಉಪವಾಸ ಕೆಡವಿದ್ದ, ಕಳ್ಳ ಎಂದುಕೊಂಡೆ.”

ವಿಬಿಯುಸ್ ಅವನನ್ನು ಬಿಟ್ಟು ತ್ರಿಫೋನನ ಕಡೆ ತಿರುಗಿದ. “ಉಪವಾಸ ಕೆಡವಿದ್ದೆಯಾ?”

ತ್ರಿಫೋನ್ ನೆಲದಿಂದ ಕಣ್ಣೆತ್ತಿದ. “ಯಾವಾಗಲೂ, ಒಡೆಯರೇ. ನಿಮಗೆ ಹೊರಡುವ ಮನಸ್ಸಿದ್ದಾಗ ಹಸಿವಿನಲ್ಲಿ ಇಡುತ್ತಿದ್ದೆ. ಇಲ್ಲದಾಗ ತಿನ್ನಿಸುತ್ತಿದ್ದೆ. ನಿಮ್ಮ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ.”

“ಹಾಗಾದರೆ ಇಷ್ಟು ಕಾಲ ನಾನು ಕೇಳಿದ್ದು ಯಾರನ್ನು?”

ವಿಬಿಯುಸ್ ನಾವಿಕರನ್ನು ನೋಡಿದ, ನಾವಿಕರು ವಿಬಿಯುಸನನ್ನು ನೋಡಿದರು. ಯಾರ ಕಣ್ಣಿನಲ್ಲೂ ನಂಬಿಕೆ ಇರಲಿಲ್ಲ.

“ಶಕುನವಿಲ್ಲದೆ ಇವರು ಹುಟ್ಟು ಮುಟ್ಟುವುದಿಲ್ಲ,” ಎಂದು ಅವನು ಪರ್ಣದತ್ತರಿಗೆ ತಗ್ಗಿದ ದನಿಯಲ್ಲಿ ಹೇಳಿದ.

“ಈಗೊಂದು ಆಯಿತಲ್ಲ,” ಎಂದರು ಪರ್ಣದತ್ತರು, ನಾವಿಕರಿಗೂ ಕೇಳುವಂತೆ. “ಯಾರೂ ಕೇಳದೆ ಒಬ್ಬ ತನ್ನ ಜೀವಕ್ಕೆ ಕುತ್ತು ತರುವ ನಿಜ ಹೇಳಿದ. ಕೇಳದೆ ಬಂದದ್ದು. ಅದನ್ನು ಒಪ್ಪುವುದೂ ಬಿಡುವುದೂ ನಿಮ್ಮ ಪದ್ಧತಿಯಲ್ಲಿ ಕೇಳಿಸಿಕೊಂಡವನ ಕೈಯಲ್ಲಿದೆ, ಅಲ್ಲವೇ?”

ವಿಬಿಯುಸ್ ನಾವಿಕರ ಕಡೆ ತಿರುಗಿದ.

“ಒಪ್ಪಿದೆ,” ಎಂದ ಗಟ್ಟಿಯಾಗಿ. “ಹಗ್ಗ ಬಿಚ್ಚಿ. ಆದರೆ ಈ ಇಬ್ಬರೂ ನನ್ನ ಹಡಗಿಗೆ ಬೇಡ. ಕೋಳಿಗಳೂ ಬೇಡ.”

ಹಡಗು ಹೋಯಿತು. ಅದರ ಹಾಯಿ ಮರೆಯಾಗುವವರೆಗೂ ಕೇತ ದಡದಲ್ಲಿ ಕೂತು ಅತ್ತ. ಗುರುಗಳು ಪಕ್ಕದಲ್ಲಿ ಕೂತಿದ್ದರು.

ತ್ರಿಫೋನ್ ಆಶ್ರಮದಲ್ಲೇ ಉಳಿದ. ಕನ್ನಡದ ಒಂದು ಮಾತೂ ಬಾರದು. ಊಟದ ಗಂಟೆ ಬಾರಿಸಿದಾಗ ಎಲ್ಲರೂ ಒಳಗೆ ಹೋಗುವುದನ್ನು ಹೊಂಗೆಮರದ ಕೆಳಗೆ ನಿಂತು ನೋಡುತ್ತಿದ್ದ.

ನಾಲ್ಕಾರು ದಿನ ಕಳೆದವು. ಒಂದು ಮಧ್ಯಾಹ್ನ ಕೇತ ಊಟ ಮುಗಿಸಿ ಕೈ ತೊಳೆದುಕೊಂಡು ಅವಸರದಿಂದ ಗುರುಗಳ ಹತ್ತಿರ ಬಂದ.

“ಗುರುಗಳೇ, ನಾನು ಅನುಮಾನ ಬಿಟ್ಟಿದ್ದೇನೆ. ಆದರೆ ಕಣ್ಣಿಗೆ ಕಂಡದ್ದನ್ನು ಹೇಳಬೇಕಲ್ಲ. ಎಲ್ಲರೂ ಊಟಕ್ಕೆ ಹೋದ ಮೇಲೆ ಆ ತ್ರಿಫೋನ್ ಕೋಳಿಗಳ ನವಣೆಯಲ್ಲಿ ಒಂದು ಹಿಡಿ ಬಟ್ಟೆಯೊಳಗೆ ಮುಚ್ಚಿಕೊಂಡು ಬೇಲಿಯ ಹಿಂದೆ ಹೋಗುತ್ತಾನೆ. ನಿನ್ನೆಯೂ ಹೋಗಿದ್ದ. ಇದಕ್ಕೆ ಏನನ್ನಬೇಕು?”

ಪರ್ಣದತ್ತರು ತಮಗೆ ಬಡಿಸಿದ್ದ ಎಲೆಯ ಮುಂದೆ ಇನ್ನೂ ಕೂತಿರಲಿಲ್ಲ. ಅದನ್ನು ಎತ್ತಿ ಕೇತನ ಕೈಗೆ ಕೊಟ್ಟರು.

“ನಿನಗೆ ಅವನ ಭಾಷೆ ಬರುತ್ತದಲ್ಲ ಕೇತ, ಹೋಗಿ ಊಟ ಆಯಿತೇ ಎಂದು ಕೇಳು.”