ಪಾಯಸ ಕಲಕದ ರಾಜ

ಒಂದಾನೊಂದು ಊರಿನಲ್ಲಿ ಒಂದು ದೇಶವಿತ್ತು. ದೇಶದೊಳಗೆ ಊರಿರುವುದು ಎಲ್ಲ ಕಡೆಯ ಮಾತು. ಇಲ್ಲಿ ಊರೊಳಗೇ ದೇಶ. ಅಷ್ಟು ಚಿಕ್ಕದು. ಅಲ್ಲಿ ಯಾರಾದರೂ ಕಾಲು ಚಾಚಿ ಮಲಗಿದರೆ ಪಾದ ಪರದೇಶದಲ್ಲಿರುತ್ತಿತ್ತು. ಹೆಸರು ನಡುಪುರ. ನಗಬೇಡಿ. ನಮ್ಮ ವಂಶದ ಬೇರು ಅಲ್ಲಿಯದೇ. ಇಲ್ಲದಿದ್ದರೆ ನನಗೆ ಈ ಗತ್ತು ಎಲ್ಲಿಂದ ಬರಬೇಕು?

ನಡುಪುರದ ರಾಜ ತೂಕರಾಯ. ಅವನಿಗೆ ಒಂದೇ ಚಿಂತೆ, ತಾನು ಯಾವ ಕಡೆಗೂ ವಾಲಬಾರದು. ಬೈತಲೆ ನಟ್ಟನಡುವೆ ತೆಗೆಯುತ್ತಿದ್ದ. ಅಂಗಾತ ಮಲಗುತ್ತಿದ್ದ, ಸತ್ತರೂ ಮಗ್ಗುಲಾಗುತ್ತಿರಲಿಲ್ಲ. ಒಂದು ಕಿವಿ ತುರಿಸಿಕೊಂಡರೆ ಇನ್ನೊಂದನ್ನೂ ತುರಿಸಿಕೊಳ್ಳುತ್ತಿದ್ದ, ಅದಕ್ಕೆ ಬೇಜಾರಾಗದಿರಲಿ ಎಂದು. ಅಂಥ ರಾಜರು ಈಗ ಸಿಗುವುದಿಲ್ಲ.

ಆ ಕಾಲದಲ್ಲಿ ಲೋಕಕ್ಕೆಲ್ಲ ಯುದ್ಧ ಹತ್ತಿಕೊಂಡಿತ್ತು. ಕಾರಣ ಒಂದು ಪಂಚೆ. ಮೂಡಲ ಚಕ್ರವರ್ತಿ ಪಂಚೆ ಒಗೆದು ಒಣಹಾಕಿದ್ದ. ಗಾಳಿ ಬಂತು. ಪಂಚೆ ಹಾರಿಹೋಗಿ ಪಡುವಲ ಚಕ್ರವರ್ತಿಯ ಅಂಗಳದಲ್ಲಿ ಬಿತ್ತು. ನನ್ನ ಪಂಚೆ ಕೊಡು ಎಂದ ಇವನು. ನನ್ನ ಅಂಗಳದಲ್ಲಿ ಬಿದ್ದದ್ದು ನನ್ನದು ಎಂದ ಅವನು. ಲೋಕದ ರಾಜರೆಲ್ಲ ಎರಡು ಭಾಗವಾದರು. ಇವರು ಪಂಚೆ ಪಕ್ಷ, ಅವರು ಅಂಗಳ ಪಕ್ಷ. ಹುಟ್ಟಿದಾರಭ್ಯ ಪಂಚೆಯನ್ನೇ ಕಾಣದ ಮಂಜುಗಡ್ಡೆ ದೇಶದವರೂ ಪಂಚೆಗಾಗಿ ಕತ್ತಿ ಮಸೆದರು.

ತೂಕರಾಯ ಮಾತ್ರ ಡಂಗುರ ಹೊಡೆಸಿದ. ನಡುಪುರಕ್ಕೆ ಪಂಚೆಯೂ ಗೊತ್ತಿಲ್ಲ, ಅಂಗಳವೂ ಗೊತ್ತಿಲ್ಲ. ರಾಜನ ಮಾತು ಸುಳ್ಳಾಗಬಾರದಲ್ಲ, ಪ್ರಜೆಗಳು ಪಂಚೆ ಬಿಟ್ಟು ಗೋಣಿಚೀಲ ಸುತ್ತಿಕೊಂಡರು. ಅಂಗಳ ತುಳಿಯುವುದನ್ನೂ ಬಿಟ್ಟರು. ಮುದುಕರು ಮುದುಕಿಯರು ಹೊಸ್ತಿಲಿನಿಂದ ಸೀದಾ ಬೀದಿಗೆ ನೆಗೆಯುತ್ತಿದ್ದರು. ಎಂಥ ಜನ, ನೋಡಿ.

ಹೀಗಿರುವಾಗ ಎರಡು ಪಕ್ಷದ ರಾಯಭಾರಿಗಳೂ ಒಂದೇ ದಿನ ಬಂದಿಳಿದರು. ನೀವು ಯಾರ ಕಡೆ ಎಂದು ಇಬ್ಬರೂ ಕೇಳುವವರು. ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಊಟದ ಹೊತ್ತಿಗೆ ಬಂದವರನ್ನು ಎಲೆ ಹಾಕದೆ ಕಳಿಸುವುದು ನಡುಪುರದಲ್ಲಿ ಇಲ್ಲ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು.

ಅರಮನೆಯ ಅಡುಗೆ ಹೊನ್ನಾಜಮ್ಮನದು. ಆಕೆಯ ಗಂಡ ಚನ್ನಿಗಪ್ಪ ನಡುಪುರದ ಸೈನ್ಯ. ಸೈನ್ಯದಲ್ಲಿ ಇದ್ದ ಅಂತಲ್ಲ, ಸೈನ್ಯವೇ ಅವನು. ದಿನಾ ಬೆಳಿಗ್ಗೆ ಒಬ್ಬನೇ ಸಾಲಾಗಿ ನಿಲ್ಲುತ್ತಿದ್ದ. ಇವರಿಬ್ಬರೇ ನಮ್ಮ ಮೂಲ ಪುರುಷ, ಮೂಲ ಸ್ತ್ರೀ. ಅದಿರಲಿ.

ಪಾಯಸದ ಸರದಿ ಬಂದಾಗ ರಾಜ ತಾನೇ ಬಡಿಸಲು ಎದ್ದ. ಬೇರೆಯವರ ಕೈ ಒಂದು ಕಡೆಗೆ ವಾಲಿಬಿಟ್ಟರೆ? ಯಾರಿಗೆ ಮೊದಲು ಎಂಬ ಮಾತೇ ಬರದಂತೆ ಎರಡು ಕೈಗೂ ಒಂದೊಂದು ಸೌಟು ಹಿಡಿದುಕೊಂಡ.

"ಕಲಕಿ ಬಡಿಸಿ ಬುದ್ಧಿ," ಎಂದಳು ಹೊನ್ನಾಜಮ್ಮ. "ಗೋಡಂಬಿ ಎಲ್ಲಾ ಒಂದೇ ಅಂಚಿಗೆ ತೇಲಿಕೊಂಡಿದೆ."

"ಯಾವ ಕಡೆಗೆ ಕಲಕಲಿ? ಬಲಕ್ಕೆ ತಿರುಗಿಸಿದರೆ ಬಲಗಡೆಯವರ ಪಕ್ಷ ವಹಿಸಿದ ಹಾಗೆ. ಎಡಕ್ಕೆ ತಿರುಗಿಸಿದರೆ ಎಡಗಡೆಯವರ ಪಕ್ಷ. ನಾನು ಕಲಕೋದಿಲ್ಲ ಕಣಮ್ಮ."

ಕಲಕಲಿಲ್ಲ. ಎರಡೂ ಸೌಟು ಒಟ್ಟಿಗೆ ಮುಳುಗಿಸಿದ, ಒಟ್ಟಿಗೆ ಎತ್ತಿದ. ಪಂಚೆ ಪಕ್ಷದವನ ಎಲೆಗೆ ಗೋಡಂಬಿಯೆಲ್ಲ ಬಿತ್ತು. ಅಂಗಳ ಪಕ್ಷದವನ ಎಲೆಗೆ ಬರೀ ಶಾವಿಗೆ.

ಪಂಚೆಯವನು ರಾಜನನ್ನು ತಬ್ಬಿಕೊಂಡು, ನೀನು ನಮ್ಮವನೇ, ನಾಳೆಯೇ ಸೈನ್ಯ ಕಳಿಸು ಎಂದ. ಅಂಗಳದವನು ಮೀಸೆ ತಿರುವಿ, ಗೋಡಂಬಿ ಕೊಡದವನು ಶತ್ರು ಎಂದ. ರಾಜ ಸೌಟನ್ನೇ ಸಾಕ್ಷಿಗೆ ಕರೆದ. ಸೌಟು ಹೇಳಿತು, "ಮುಳುಗಿಸಿದ ಕಡೆ ಮುಳುಗಿದೆ, ಎತ್ತಿದಾಗ ಎದ್ದೆ. ನನ್ನನ್ನು ರಾಜಕೀಯಕ್ಕೆ ಎಳೀಬೇಡಿ." ಆಗ ರಾಜ ಗಾಬರಿಯಿಂದ ಇನ್ನೊಂದು ಹಿಡಿ ಗೋಡಂಬಿ ಹುರಿಸಿ ತಂದು ಅಂಗಳದವನ ಎಲೆಗೆ ಸುರಿದ. ಅಂಗಳದವನು ತಬ್ಬಿಕೊಂಡ. ಪಂಚೆಯವನು ಮೀಸೆ ತಿರುವಿದ.

ಹೀಗೆ ನಡುಪುರ ಇಬ್ಬರಿಗೂ ಮಿತ್ರದೇಶವಾಯಿತು, ಮಿತ್ರದೇಶವಾದ್ದರಿಂದ ಇಬ್ಬರಿಗೂ ಶತ್ರುವಾಯಿತು. ಯಾವ ಕಡೆಗೂ ಸೇರದಿದ್ದ ದೇಶ ಒಂದೇ ಊಟದಲ್ಲಿ ಎರಡೂ ಕಡೆಗೂ ಸೇರಿತು.

ರಾಜ ಕೂತು ಯೋಚಿಸಿದ. ಚನ್ನಿಗಪ್ಪ ಪಂಚೆಯವರ ಪರವಾಗಿ ಬೆಳಿಗ್ಗೆ ಹೋರಾಡಬೇಕು. ಮಧ್ಯಾಹ್ನ ಅಂಗಳದವರ ಪರವಾಗಿ ಬಂದು, ಬೆಳಿಗ್ಗೆ ಹೋರಾಡಿದ ಚನ್ನಿಗಪ್ಪನನ್ನು ಕೊಲ್ಲಬೇಕು. ಇದರಲ್ಲಿ ಪಕ್ಷಪಾತ ಕಾಣಲಿಲ್ಲ. ಅಪ್ಪಣೆ ಆಯಿತು.

ಹೊನ್ನಾಜಮ್ಮ ರಾಜನ ಮುಂದೆ ಬಂದು ನಿಂತಳು. "ದೇಶಕ್ಕೆ ಸೈನ್ಯ ಇನ್ನೊಂದು ಸಿಕ್ಕೀತು ಬುದ್ಧಿ. ನನಗೆ ಇರೋನು ಒಬ್ಬನೇ ಗಂಡ."

ರಾಜ ಕಣ್ಣು ಒರೆಸಿಕೊಂಡ, ಎರಡೂ ಕಣ್ಣು. ಆದರೆ ಅಪ್ಪಣೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಕ್ಕೆ ಹೋದ ಮಾತು ಹಿಂದಕ್ಕೆ ಬಂದರೆ ಹಿಂದಿನ ಕಡೆಗೆ ವಾಲಿದಂತಾಗುತ್ತದೆ ಎಂದ.

ಮಾರನೆಯ ದಿನ ಈ ದಿಕ್ಕಿನಿಂದ ಪಂಚೆ ಸೈನ್ಯ, ಆ ದಿಕ್ಕಿನಿಂದ ಅಂಗಳ ಸೈನ್ಯ. ಆನೆ, ಕುದುರೆ, ಫಿರಂಗಿ. ನಡುವೆ ಚನ್ನಿಗಪ್ಪ, ಗೋಣಿಚೀಲ ಉಟ್ಟು, ಸಾಲಾಗಿ ನಿಂತಿದ್ದ. ಕಹಳೆಯವನು ಕೆನ್ನೆ ಉಬ್ಬಿಸಿದ. ಅಷ್ಟರಲ್ಲಿ ಹೊನ್ನಾಜಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು, ಎರಡು ಸೈನ್ಯಕ್ಕೂ ಕೇಳುವ ಹಾಗೆ ಕೇಳಿದಳು.

"ಊಟ ಆಯ್ತಾ?"

ಎರಡು ಸೈನ್ಯದವರೂ ದೂರದಿಂದ ನಡೆದು ಬಂದವರು. ಯಾರದೂ ಆಗಿರಲಿಲ್ಲ.

ಬಾಳೆ ಎಲೆ ಹಾಸುತ್ತಾ ಹೋದರು. ದೇಶದಲ್ಲಿ ಜಾಗ ಸಾಲದೆ ಪಂಕ್ತಿ ಪಕ್ಕದ ಎರಡು ದೇಶ ದಾಟಿತು. ರಾಜನ ಹಟದಂತೆ ಒಬ್ಬ ಪಂಚೆಯವನು, ಪಕ್ಕದಲ್ಲಿ ಒಬ್ಬ ಅಂಗಳದವನು, ಮತ್ತೆ ಒಬ್ಬ ಪಂಚೆಯವನು. ಕಟ್ಟಕಡೆಯ ಎಲೆಗೆ ಹೊನ್ನಾಜಮ್ಮ ಗಂಡನನ್ನು ಕೂರಿಸಿದಳು. ಬಡಿಸುವಾಗ ಬಗ್ಗಿ ಅವನ ಕಿವಿಯಲ್ಲಿ, "ಚೆನ್ನಾಗಿ ಅಗಿದು ತಿನ್ನಿ," ಎಂದಳು. ಅಷ್ಟೇ ಅಂದದ್ದು.

ಪಂಕ್ತಿಯ ಮರ್ಯಾದೆ ನಿಮಗೂ ಗೊತ್ತು. ಕೊನೆಯವನ ಊಟ ಮುಗಿಯದೆ ಯಾರೂ ಏಳುವ ಹಾಗಿಲ್ಲ. ಚಕ್ರವರ್ತಿಯಾದರೂ ಕೈ ಒಣಗಿಸಿಕೊಂಡು ಕೂರಬೇಕು.

ಎಲ್ಲರದೂ ಮುಗಿಯಿತು. ಚನ್ನಿಗಪ್ಪ ಇನ್ನೂ ಕೋಸಂಬರಿಯಲ್ಲಿದ್ದ. ಏನು ಅಗಿದ ಅಂತೀರಿ! ಒಂದೊಂದು ಬೇಳೆಯನ್ನೂ ಬಲದವಡೆಯಲ್ಲಿ ಒಂದು ಸುತ್ತು, ಎಡದವಡೆಯಲ್ಲಿ ಒಂದು ಸುತ್ತು. ಶತ್ರುವಿನ ಮುಂದೆ ಕಣ್ಣು ಮಿಟುಕಿಸದೆ ಹಪ್ಪಳವನ್ನು ಚಪ್ಪರಿಸಿ ಚಪ್ಪರಿಸಿ ಕರಗಿಸಿದ. ಆನೆಗಳು ಬೇಸತ್ತು ಮನೆಗೆ ಹೋದವು. ಫಿರಂಗಿಯೊಳಗೆ ಗುಬ್ಬಿ ಸಂಸಾರ ಹೂಡಿತು. "ಬೇಗ ನುಂಗಯ್ಯ," ಎಂದು ಪಂಚೆಯ ಸೇನಾಪತಿ ಗದರಿದ. ಚನ್ನಿಗಪ್ಪ ಅವನನ್ನು ನೋಡಿ, ತಲೆಯಾಡಿಸಿ, ಅನ್ನ ಕಲಸತೊಡಗಿದ. ಅಂಥ ಧೈರ್ಯ.

ಸುಮ್ಮನೆ ಎಷ್ಟು ಹೊತ್ತು ಕೂರುವುದು? ಪಕ್ಕದವನನ್ನು ಮಾತಾಡಿಸಲೇಬೇಕಾಯಿತು. ನಿಮ್ಮದು ಯಾವ ಊರು, ಮಕ್ಕಳೆಷ್ಟು, ಎಮ್ಮೆ ಕರು ಹಾಕಿತಾ. ಒಬ್ಬನ ಮಗಳಿಗೆ ಇನ್ನೊಬ್ಬನ ತಮ್ಮ ವರನಾಗಿ ಗೊತ್ತಾದ. ಬೀಗರಾದ ಮೇಲೆ ಬೀಗರನ್ನು ಕಡಿಯುವುದು ಹೇಗೆ ಎಂದು ಇಬ್ಬರೂ ಕತ್ತಿಗಳನ್ನು ತಮ್ಮ ತಮ್ಮ ಎಲೆಯ ಕೆಳಗೆ ತುರುಕಿದರು. ಸೇನಾಪತಿಗಳಿಬ್ಬರೂ ಒಂದೇ ಮಂಡಿನೋವಿಗೆ ಒಂದೇ ಎಣ್ಣೆ ಹಚ್ಚುವವರು ಎಂದು ತಿಳಿದುಬಂತು.

ಕಡೆಗೆ ಚನ್ನಿಗಪ್ಪ ಮಜ್ಜಿಗೆ ಅನ್ನಕ್ಕೆ ಬಂದ. ಮಜ್ಜಿಗೆ ಮುಗಿದರೆ ಊಟ ಮುಗಿಯಿತು. ಊಟ ಮುಗಿದರೆ ಏಳಬೇಕು. ಎದ್ದರೆ ಯುದ್ಧ. ಚನ್ನಿಗಪ್ಪ ಕೊನೆಯ ತುತ್ತು ಎತ್ತಿದ. ಹೊನ್ನಾಜಮ್ಮ ಸೆರಗು ಕಚ್ಚಿಕೊಂಡಳು.

ಪಂಚೆಯ ಸೇನಾಪತಿ ಒಣಗಿದ ಕೈಯನ್ನು ಅಡ್ಡ ಚಾಚಿದ.

"ಯಜಮಾನ್ರೇ, ಅವಸರ ಯಾಕೆ?" ಎಂದ ಮೆಲ್ಲಗೆ. "ಹೊನ್ನಾಜಮ್ಮ, ಇವರಿಗೆ ಹುಳಿಯಿಂದ ಇನ್ನೊಂದ್ಸಾರಿ ಬಡಿಸಿ ತಾಯಿ."

ಹೊನ್ನಾಜಮ್ಮ ಬಡಿಸಿದಳು. ಈಗಲೂ ಬಡಿಸುತ್ತಿದ್ದಾಳೆ.

ಇದರ ನೀತಿ ಏನಪ್ಪಾ ಅಂದರೆ, ಸೈನ್ಯಕ್ಕೆ ಆಳು ಆರಿಸುವಾಗ ತೋಳು ಮುಟ್ಟಿ ನೋಡಬಾರದು, ದವಡೆ ಮುಟ್ಟಿ ನೋಡಬೇಕು.